ಕಳಲೆಯ ಕಹಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಮೂರೂ ನಮ್ಮ ಮಲೆನಾಡಿನ ತಾಲ್ಲೂಕುಗಳು. ಮಳೆ ಹಿಡಿದರೆ ಬಿದಿರು ಮೆಳೆಯಲ್ಲಿ ಎಳೆ ಮೊಳಕೆ ಏಳುತ್ತದೆ. ಅದೇ ಕಳಲೆ. ಕಳಲೆ ಪಲ್ಯ, ಕಳಲೆ ಹುಳಿ ನಮಗೆಲ್ಲ ಇಷ್ಟ.

ಹಿರಿಯರು ಕಳಲೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕ್ತಾರೆ. ದಿನಾ ನೀರು ಬದಲಿಸ್ತಾರೆ. ನಮಗೋ ಅವಸರ. ತೋಟದ ಕೆಲಸ ಮುಗಿಸಿ ಬಂದು ಇವತ್ತೇ ಅಡುಗೆ ಮಾಡೋಣ ಅನ್ನಿಸುತ್ತೆ.

"ಅತ್ತೆ, ಮೂರು ದಿನ ಯಾಕೆ ಕಾಯಬೇಕು?" ಸೊಸೆ ಕೇಳ್ತಾಳೆ.

"ಕಹಿ ಹೋಗ್ಬೇಕಲ್ಲೇ!" ಅಂತಾರೆ ಅತ್ತೆ.

ಅತ್ತೆಯ ಮಾತು ಸರಿ. ಆ ಕಹಿಯಲ್ಲೇ ವಿಷ ಇದೆ.

ವಿಷ ಹೇಗೆ ಹುಟ್ಟುತ್ತೆ?

ಕಹಿ ವಸ್ತುವಿನ ಹೆಸರು ಟ್ಯಾಕ್ಸಿಫಿಲಿನ್. ಅದರಲ್ಲಿ ಸಯನೈಡ್ ಎಂಬ ವಿಷ ಸಕ್ಕರೆಯ ಜೊತೆ ಕಟ್ಟಿಹಾಕಿದ ಹಾಗೆ ಇರುತ್ತದೆ. ಆ ಕಟ್ಟು ಬಿಚ್ಚುವ ವಸ್ತುವೂ ಕಳಲೆಯಲ್ಲೇ ಬೇರೆಯಾಗಿ ಇರುತ್ತದೆ. ಎಲೆ, ಅಡಿಕೆ, ಸುಣ್ಣ ಬೇರೆ ಬೇರೆ ಇದ್ದರೆ ಕೆಂಪಾಗದು. ಜಗಿದರೆ ಕೆಂಪಾಗುತ್ತೆ. ಹಾಗೆಯೇ ಕಳಲೆ ಹೆಚ್ಚಿದಾಗ, ಜಗಿದಾಗ ಎರಡೂ ವಸ್ತು ಸೇರುತ್ತವೆ. ಸಯನೈಡ್ ಹೊರಬರುತ್ತೆ.

ನಾವು ಉಸಿರಾಡಿದ ಗಾಳಿಯಲ್ಲಿರುವ ಆಮ್ಲಜನಕವನ್ನು ರಕ್ತ ಮೈಗೆಲ್ಲ ಒಯ್ಯುತ್ತದೆ. ಸಯನೈಡ್ ಸೇರಿದರೆ ಮೈ ಅದನ್ನು ಬಳಸಲಾರದು. ತಲೆನೋವು, ತಲೆಸುತ್ತು, ವಾಂತಿ, ಏದುಸಿರು ಬರುತ್ತವೆ. ವಿಷ ಹೆಚ್ಚಾದರೆ ಜೀವಕ್ಕೇ ಅಪಾಯ. ಮಕ್ಕಳಿಗೆ ಇನ್ನೂ ಅಪಾಯ.

ವಿಷ ಹೇಗೆ ಹೋಗುತ್ತೆ?

ಸಯನೈಡ್ ನೀರಿನಲ್ಲಿ ಕರಗುತ್ತೆ. ಬಿಸಿ ತಾಗಿದರೆ ಗಾಳಿಗೆ ಹಾರಿಹೋಗುತ್ತೆ. ಆದ್ದರಿಂದ:

1. ಕಳಲೆಯನ್ನು ತೆಳ್ಳಗೆ ಹೆಚ್ಚೋಣ.
2. ಮೂರು ದಿನ ನೆನೆಸೋಣ. ದಿನಾ ನೀರು ಬದಲಿಸೋಣ.
3. ಮುಚ್ಚಳ ತೆಗೆದು ಚೆನ್ನಾಗಿ ಬೇಯಿಸೋಣ. ಬೇಯಿಸಿದ ನೀರು ಚೆಲ್ಲೋಣ.
4. ನೆನೆಸಿದ ನೀರನ್ನು ಕಲಗಚ್ಚಿಗೆ ಸೇರಿಸುವುದು ಬೇಡ. ದನಕರು ಕುಡಿಯದ ಕಡೆ ಚೆಲ್ಲೋಣ.
5. ಕಹಿ ಉಳಿದಿದ್ದರೆ ತಿನ್ನುವುದು ಬೇಡ.

ಮರಗೆಣಸಿನಲ್ಲೂ ಇದೇ ವಿಷ ಇದೆ. ಸಿಪ್ಪೆಯಲ್ಲಿ ಹೆಚ್ಚು. ಹಸಿ ಗೆಣಸು ತಿನ್ನಬಾರದು. ಹಸಿ ಸಿಪ್ಪೆಯನ್ನು ದನಕ್ಕೆ ಹಾಕಬಾರದು.

ಕಳಲೆ ಅಥವಾ ಗೆಣಸು ತಿಂದ ಮೇಲೆ ವಾಂತಿ, ಏದುಸಿರು ಬಂದರೆ ಮನೆಮದ್ದು ಮಾಡುತ್ತಾ ಕೂರಬಾರದು. 108ಕ್ಕೆ ಫೋನ್ ಮಾಡಿ ಬೇಗ ಆಸ್ಪತ್ರೆಗೆ ಹೋಗಬೇಕು. ಏನು ತಿಂದಿದ್ದು ಎಂದು ಡಾಕ್ಟರಿಗೆ ಹೇಳಬೇಕು.

ಅಜ್ಜಿ, ಅತ್ತೆ ಕಲಿಸಿದ ಪದ್ಧತಿಗೆ ಕಾರಣ ಇದೆ. ಈಗ ಅದು ನಮಗೂ ಗೊತ್ತಾಯಿತು.

ಓದಿ, ಉತ್ತರ ಬರೆಯಿರಿ

1. ಕಳಲೆಯ ನೀರನ್ನು ದಿನಾ ಯಾಕೆ ಬದಲಿಸಬೇಕು?
2. ಬೇಯಿಸುವಾಗ ಮುಚ್ಚಳ ಯಾಕೆ ತೆಗೆಯಬೇಕು?
3. ನಿಮ್ಮ ಮನೆಯಲ್ಲಿ ಕಳಲೆ ನೆನೆಸಿದ ನೀರನ್ನು ಎಲ್ಲಿ ಚೆಲ್ಲುತ್ತೀರಿ?