ಕೊನೆಯ ಪುಟಕ್ಕೆ ಲಾರಿ ತರಬೇಡ

ಮಗಳೇ,

ನಿನ್ನ ಕಥೆ ಓದಿದವರೆಲ್ಲ ಕೊನೆ ಹಿಡಿಸಲಿಲ್ಲ ಎಂದರಂತೆ. ಜನಕ್ಕೆ ದುಃಖ ಬೇಡವೇನೋ, ಅಣ್ಣ ತಮ್ಮಂದಿರನ್ನು ಒಂದು ಮಾಡಿ ಸುಖವಾಗಿ ಮುಗಿಸಿಬಿಡಲೇ ಎಂದು ಕೇಳಿದ್ದೀಯ. ದುಡುಕಬೇಡ. ನನಗೂ ಆ ಕೊನೆ ಹಿಡಿಸಲಿಲ್ಲ, ನಿಜ. ಆದರೆ ಅದಕ್ಕೆ ಕಾರಣ ದುಃಖವಲ್ಲ.

ದುಃಖಕ್ಕೆ ನಮ್ಮ ಜನ ಎಂದೂ ಬೆನ್ನು ತಿರುಗಿಸಿದವರಲ್ಲ. 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಬರಡು ನೆಲವನ್ನು ಹೊನ್ನು ಮಾಡಿದ ರಾಜೀವ, ತಾನೇ ಓದಿಸಿ ಬೆಳೆಸಿದ ಅಕ್ಕನ ಮಗ ಆಡಬಾರದ ಮಾತಾಡಿದಾಗ ಮನೆ ಬಿಟ್ಟು ನಡೆದುಹೋಗುತ್ತಾನೆ. ಮರಳಿ ಬರುವುದಿಲ್ಲ. ಆ ಚಿತ್ರ ಬೆಂಗಳೂರಿನಲ್ಲಿ ವರ್ಷಕ್ಕೂ ಮೀರಿ ಓಡಿತು. ಕಣ್ಣೊರೆಸಿಕೊಂಡು ಹೊರಬಂದವರೇ ಮತ್ತೆ ಹೋಗಿ ನೋಡಿದರು. ಮೊದಲಿಂದಲೂ ಆ ಮನುಷ್ಯ ಕೊಡುವುದನ್ನು ಬಲ್ಲವನು, ತನಗೆಂದು ಹಿಡಿದಿಟ್ಟುಕೊಳ್ಳಲು ಬಾರದವನು. ಅಂಥವನು ಆಸ್ತಿಗಾಗಿ ಅಂಗಳದಲ್ಲಿ ನಿಂತು ವಾದಕ್ಕಿಳಿದಿದ್ದರೆ ನೋಡುವವರಿಗೆ ಮೋಸವಾಗುತ್ತಿತ್ತು. ಅವನು ಹೋದದ್ದು ಸಂಕಟವೇ. ಆದರೆ ಅವನು ಹೋಗದೆ ಬೇರೆ ದಾರಿ ಇರಲಿಲ್ಲ.

ಈಗ ನಿನ್ನ ಕಥೆಗೆ ಬಾ. ಅಡಿಕೆ ತೋಟ ಪಾಲಾಗಿದೆ. ಬಾವಿ ತಮ್ಮನ ಪಾಲಿಗೆ ಹೋಗಿದೆ. ಬೇಸಿಗೆಯಲ್ಲಿ ಅಣ್ಣನ ಸಸಿಗಳು ಒಣಗುತ್ತಿವೆ. ಬಾಯಿ ಬಿಟ್ಟು ನೀರು ಕೇಳಲು ಅಣ್ಣನಿಗೆ ಮನಸ್ಸು ಬಾರದು, ಕೇಳದೆ ಕೊಡಲು ತಮ್ಮನಿಗೆ ಹಳೆಯ ಅವಮಾನ ಅಡ್ಡ. ಇಷ್ಟನ್ನು ಎಷ್ಟು ಚೆನ್ನಾಗಿ ಕಟ್ಟಿದ್ದೀಯ! ಬೇಲಿಯ ಆಚೆ ಈಚೆ ಇಬ್ಬರೂ ಒಬ್ಬರನ್ನೊಬ್ಬರು ನೋಡದಂತೆ ನಟಿಸುವ ಆ ಪುಟವನ್ನು ನಾನು ಎರಡು ಸಲ ಓದಿದೆ. ಆಮೇಲೆ ಕೊನೆಯ ಪುಟದಲ್ಲಿ ಅಣ್ಣ ಪೇಟೆಗೆ ಹೋಗುತ್ತಾನೆ, ಲಾರಿ ಹೊಡೆಯುತ್ತದೆ, ತಮ್ಮ ಹೆಣದ ಮುಂದೆ ಬಿದ್ದು ಅಳುತ್ತಾನೆ. ಕಥೆ ಮುಗಿಯಿತು.

ಆ ಲಾರಿ ಎಲ್ಲಿಂದ ಬಂತು? ಲೋಕದಲ್ಲಿ ದಿನವೂ ಇಂಥ ಸಾವು ಸಂಭವಿಸುವುದಿಲ್ಲವೇ ಎಂದು ನೀನು ಕೇಳಬಹುದು. ಸಂಭವಿಸುತ್ತದೆ. ಅದೇ ಲಾರಿ ಮೊದಲ ಪುಟದಲ್ಲಿ ಬಂದಿದ್ದರೆ ನಾನು ತಕರಾರು ಎತ್ತುತ್ತಿರಲಿಲ್ಲ; ಅಣ್ಣ ಸತ್ತ ಮೇಲೆ ಆ ಬಾವಿಯ ನೀರು ಏನಾಯಿತು ಎಂಬುದೇ ಕಥೆಯಾಗುತ್ತಿತ್ತು. ಕೊನೆಯಲ್ಲಿ ಬಂದ ಲಾರಿ ನಿನ್ನನ್ನು ಒಂದು ಕಷ್ಟದಿಂದ ಪಾರುಮಾಡಲು ಬಂದದ್ದು. ಆ ಅಣ್ಣ ತಮ್ಮ ಎದುರುಬದುರು ನಿಲ್ಲಬೇಕಾಗಿದ್ದ ಗಳಿಗೆಯನ್ನು ಬರೆಯಲು ನಿನಗೆ ಭಯವಾಯಿತು. ಓದುಗನಿಗೆ ಇದು ಮಾತಿನಲ್ಲಿ ತಿಳಿಯದಿದ್ದರೂ ಮನಸ್ಸಿಗೆ ತಿಳಿಯುತ್ತದೆ. ಗ್ರೀಕ್ ನಾಟಕ ‘ಮೀಡಿಯಾ’ದ ಕೊನೆಗೆ ನಾಯಕಿ ಸೂರ್ಯನ ರಥವೇರಿ ತಪ್ಪಿಸಿಕೊಳ್ಳುತ್ತಾಳೆ. ಕಥೆಯ ಗಂಟು ಕಥೆಯೊಳಗಿನಿಂದಲೇ ಬಿಚ್ಚಿಕೊಳ್ಳಬೇಕು, ಆಕಾಶದಿಂದ ಇಳಿದ ಯಂತ್ರದಿಂದಲ್ಲ ಎಂದು ಅರಿಸ್ಟಾಟಲ್ ಆಗಲೇ ಆಕ್ಷೇಪಿಸಿದ್ದ. ನಿನ್ನ ಲಾರಿಯೂ ಆ ರಥದ ಜಾತಿಯದೇ.

ಇಷ್ಟು ವರ್ಷ ಓದಿ ನನಗೆ ತಿಳಿದದ್ದು ಹೇಳುತ್ತೇನೆ, ಕೇಳು. ಕಥೆ ಓದುತ್ತಿರುವವನ ಒಳಗೆ ಒಂದು ಆಸೆಯೂ ಇರುತ್ತದೆ, ಒಂದು ಪ್ರಶ್ನೆಯೂ ಇರುತ್ತದೆ. ಆಸೆ ಮೇಲೆಯೇ ಕಾಣುತ್ತದೆ: ಇವರ ಮದುವೆಯಾಗಲಿ, ಕಳ್ಳ ಸಿಗಲಿ, ನೀರು ಬರಲಿ. ಪ್ರಶ್ನೆ ಅದಕ್ಕಿಂತ ಆಳದಲ್ಲಿರುತ್ತದೆ, ಎಷ್ಟೋ ಸಲ ಓದುಗನಿಗೇ ಅದರ ಅರಿವಿರುವುದಿಲ್ಲ. ಆಸೆಯನ್ನು ನಡೆಸಿಕೊಡದಿದ್ದರೂ ಅವನು ಸಹಿಸುತ್ತಾನೆ. ಪ್ರಶ್ನೆಯನ್ನು ಕೈಬಿಟ್ಟರೆ ಸಹಿಸುವುದಿಲ್ಲ.

ತೇಜಸ್ವಿಯವರ ‘ಕರ್ವಾಲೊ’ ನಿನಗೆ ಬಾಯಿಪಾಠವೇ ಇರಬೇಕು. ಅದರ ಕೊನೆಯನ್ನು ಇನ್ನೊಮ್ಮೆ ಓದು. ಇಡೀ ಕಾದಂಬರಿ ಒಂದು ಹಾರುವ ಓತಿಯ ಬೆನ್ನು ಹತ್ತಿದ್ದು. ವಿಜ್ಞಾನಿ ಕರ್ವಾಲೊ, ಜೇನು ಕೀಳುವ ಮಂದಣ್ಣ, ಕರಿಯಪ್ಪ, ಎಂಗ್ಟ, ಪ್ರಭಾಕರ, ಜತೆಗೆ ಕಿವಿ ಎಂಬ ನಾಯಿ. ಇಷ್ಟು ಜನ ಕಾಡು ಹೊಕ್ಕು, ಪಡಬಾರದ ಪಾಡು ಪಟ್ಟು, ಕಡೆಗೂ ಅದನ್ನು ಕಾಣುತ್ತಾರೆ. ಸಿಕ್ಕೇಬಿಟ್ಟಿತು ಎನ್ನುವಾಗ ಅದು ಹಾರಿ, ತೇಲಿ, ಕಣಿವೆಯಲ್ಲಿ ಕಾಣೆಯಾಗುತ್ತದೆ. ಕೈಗೆ ಏನೂ ಬರಲಿಲ್ಲ. ಆದರೂ 1980ರಿಂದ ಇಂದಿನವರೆಗೆ ಆ ಪುಸ್ತಕ ಮುಚ್ಚಿದವರು ಯಾರಾದರೂ ‘ಛೆ, ಹಿಡಿಯಲಿಲ್ಲವಲ್ಲ’ ಎಂದು ಬೇಸರಪಟ್ಟದ್ದನ್ನು ನಾನು ಕೇಳಿಲ್ಲ.

ಯಾಕಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಓತಿ ಸಿಗಲಿ ಎಂಬುದು ನಮ್ಮ ಆಸೆ. ಆದರೆ ಪುಸ್ತಕ ಮೊದಲಿನಿಂದ ನಮ್ಮೊಳಗೆ ಬೆಳೆಸಿದ ಪ್ರಶ್ನೆ ಬೇರೆ. ಕೋಟ್ಯಂತರ ವರ್ಷಗಳ ಜೀವವಿಕಾಸದ ಎದುರು ಈ ಮನುಷ್ಯ ಎಷ್ಟರವನು? ಊರಿನವರು ಪೆದ್ದನೆಂದು ನಗುವ ಮಂದಣ್ಣನ ಕಣ್ಣಿಗೆ ಕಂಡದ್ದು ಓದಿದವರ ಕಣ್ಣಿಗೆ ಯಾಕೆ ಕಾಣಲಿಲ್ಲ? ಓತಿ ಗಾಜಿನ ಪೆಟ್ಟಿಗೆ ಸೇರಿದ್ದರೆ ಆ ಪ್ರಶ್ನೆ ಅಲ್ಲೇ ಸಾಯುತ್ತಿತ್ತು. ಅದು ಹಾರಿಹೋದದ್ದರಿಂದ ಮನುಷ್ಯನ ಅಳತೆ ನಮಗೆ ತಿಳಿಯಿತು. ಗಮನಿಸು, ಹಾರುವ ಓತಿ ಹಾರಿತು, ಅಷ್ಟೇ. ಅದರ ಹೆಸರಿನಲ್ಲೇ ಇದ್ದದ್ದನ್ನು ಅದು ಮಾಡಿತು. ಹೊರಗಿನಿಂದ ಯಾವ ಲಾರಿಯನ್ನೂ ತೇಜಸ್ವಿ ತರಲಿಲ್ಲ.

ಇನ್ನು ನೀನು ತೊದಲು ಮಾತಿನಲ್ಲೇ ಕೇಳಿದ ‘ಗೋವಿನ ಹಾಡು’. ಪುಣ್ಯಕೋಟಿ ಎಂಬ ಹಸು ಕರುವಿಗೆ ಹಾಲೂಡಿಸಿ, ಹುಲಿಗೆ ಕೊಟ್ಟ ಮಾತಿನಂತೆ ಹಿಂತಿರುಗಿದಾಗ ಆ ಹುಲಿ ಅದನ್ನು ತಿನ್ನದೆ ತಾನೇ ಪ್ರಾಣ ಬಿಡುತ್ತದೆ. ಹಸು ಬದುಕಲಿ ಎಂಬುದು ಮಗುವಿನ ಆಸೆ. ಅದಕ್ಕಾಗಿ ಹುಲಿ ಸಾಯಬೇಕಿರಲಿಲ್ಲ. ‘ಹೋಗು, ನಿನ್ನ ಕರುವಿನ ಬಳಿ ಸೇರಿಕೋ’ ಎಂದು ಬಿಟ್ಟಿದ್ದರೂ ಹಸು ಬದುಕುತ್ತಿತ್ತು. ಹಸಿದ ಹುಲಿ ಹಸುವನ್ನು ತಿನ್ನುವುದು ಅದರ ಧರ್ಮ, ಪಾಪದ ಹುಲಿಯನ್ನು ಯಾಕೆ ಸಾಯಿಸಿದರು ಎಂದು ಈಚಿನವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೂ ನಾನು ಹಾಡು ಕಟ್ಟಿದವನ ಪಕ್ಷ. ಹುಲಿ ಸುಮ್ಮನೆ ಬಿಟ್ಟು ಕಳಿಸಿದ್ದರೆ ಮರುದಿನ ಅದು ಇನ್ನೊಂದು ಹಸುವಿಗೆ ಕಾಯುತ್ತಾ ಕೂರುತ್ತಿತ್ತು; ಪುಣ್ಯಕೋಟಿಯ ಸತ್ಯ ಪುಣ್ಯಕೋಟಿಯ ಜೀವವನ್ನಷ್ಟೇ ಉಳಿಸಿದಂತಾಗುತ್ತಿತ್ತು. ಸತ್ಯ ಎದುರು ನಿಂತವನನ್ನೂ ಮೊದಲಿನಂತೆ ಇರಗೊಡುವುದಿಲ್ಲ ಎಂಬ ಮಾತು ಹುಲಿಯ ಸಾವಿಲ್ಲದೆ ನಮ್ಮ ಎದೆಗೆ ಇಳಿಯುತ್ತಿರಲಿಲ್ಲ. ಹಾಡು ಕೇಳಿದ ಮಕ್ಕಳು ಅಳುವುದು ಹಸುವಿಗಾಗಿ. ಮುಗಿದ ಮೇಲೆ ಕೇಳುವುದು ಮಾತ್ರ ಹುಲಿಯ ಬಗ್ಗೆ.

ಕೊನೆಯಲ್ಲಿ ಹೀಗೆ ಉಳಿಯುವ ಬೆರಗನ್ನು ನಮ್ಮ ಹಿರಿಯರು ಗುರುತಿಸಿದ್ದರು. ಕಾವ್ಯಬಂಧ ಹಸುವಿನ ಬಾಲದ ತುದಿಯ ಹಾಗಿರಬೇಕು, ಉದಾತ್ತವಾದ ಭಾವಗಳು ಹಿಂದಕ್ಕೆ ಬರಬೇಕು, ಕೊನೆಯ ಸಂಧಿಯಾದ ನಿರ್ವಹಣದಲ್ಲಿ ಅದ್ಭುತ ರಸ ಇರಲೇಬೇಕು ಎನ್ನುತ್ತದೆ ನಾಟ್ಯಶಾಸ್ತ್ರ. ಅದ್ಭುತ ಎಂದರೆ ಚಮತ್ಕಾರದ ತಿರುವು ಎಂದು ತಿಳಿಯಬೇಡ. ತಿರುವು ಒಮ್ಮೆ ಓದುವಷ್ಟರಲ್ಲಿ ಮುಗಿದುಹೋಗುತ್ತದೆ. ಹುಲಿಯ ಸಾವು ನೂರು ಸಲ ಕೇಳಿದರೂ ಮುಗಿಯುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದು ಇನ್ನೊಂದು ದೊಡ್ಡ ವಿಚಾರ. ಇದಕ್ಕೆ ಮಹಾಭಾರತಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಕಥೆ ಒಂದೇ, ನಿಲ್ಲಿಸಿದ ಜಾಗ ಬೇರೆ ಬೇರೆ. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ಅರ್ಜುನನಿಗೂ ಸುಭದ್ರೆಗೂ ಪಟ್ಟಕಟ್ಟಿ ಮುಗಿಸಿದ. ಅವನ ಅರ್ಜುನ ಅವನ ಆಶ್ರಯದಾತ ಅರಿಕೇಸರಿಯೂ ಹೌದಲ್ಲ. ಆಳುತ್ತಿರುವ ದೊರೆಯ ಕಾವ್ಯವನ್ನು ಪಟ್ಟಾಭಿಷೇಕದಾಚೆಗೆ ಎಳೆಯುವುದು ಹೇಗೆ? ಕುಮಾರವ್ಯಾಸ ಹತ್ತು ಪರ್ವ ಹಾಡಿ, ಗದಾಪರ್ವಕ್ಕೆ ನಿಲ್ಲಿಸಿದ. ಅವನ ಭಾರತ ಕೃಷ್ಣನ ಕಥೆ. ದುರ್ಯೋಧನ ಬಿದ್ದು ಧರ್ಮರಾಯನಿಗೆ ರಾಜ್ಯ ಬಂದಲ್ಲಿಗೆ ಕೃಷ್ಣನ ಕೆಲಸ ಪೂರೈಸಿತು. ಮಿಕ್ಕ ಪರ್ವಗಳನ್ನು ಮುಂದೆ ಕೃಷ್ಣದೇವರಾಯನ ಅಪ್ಪಣೆಯಂತೆ ತಿಮ್ಮಣ್ಣ ಕವಿ ಬರೆದ. ತಿಮ್ಮಣ್ಣ ದೊಡ್ಡ ಕೆಲಸವನ್ನೇ ಮಾಡಿದ, ಆದರೆ ಗಮಕಿಗಳು ಊರೂರಿನಲ್ಲಿ ಓದುತ್ತಾ ಬಂದದ್ದು ಆ ಹತ್ತು ಪರ್ವಗಳನ್ನೇ. ಕುಮಾರವ್ಯಾಸನ ಕೇಳುಗರಿಗೆ ಕಥೆ ಅರ್ಧಕ್ಕೆ ನಿಂತಿತೆಂದು ಅನ್ನಿಸಲಿಲ್ಲ.

ಮೂಲದ ವ್ಯಾಸರು ಮಾತ್ರ ಯಾರೂ ನಿಲ್ಲದ ಕಡೆಗೆ ನಡೆದರು. ಗೆದ್ದವರು ರಾಜ್ಯ ಬಿಟ್ಟು ಹಿಮಾಲಯಕ್ಕೆ ಹೊರಡುತ್ತಾರೆ. ಒಬ್ಬೊಬ್ಬರೇ ಬೀಳುತ್ತಾರೆ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಧರ್ಮರಾಯನಿಗೆ ಅಲ್ಲಿ ಮೊದಲು ಕಾಣುವುದು ಸಿಂಹಾಸನದ ಮೇಲೆ ಕೂತ ದುರ್ಯೋಧನ. ಆಮೇಲೆ ನರಕದಲ್ಲಿ ಕೇಳುವುದು ತಮ್ಮಂದಿರ ದನಿ. ಇವರಿರುವಲ್ಲೇ ನಾನೂ ಇರುತ್ತೇನೆ ಎನ್ನುತ್ತಾನೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಈ ಕೊನೆಯನ್ನು ನೋಡಿಯೇ ಇಡೀ ಮಹಾಭಾರತದ ಮುಖ್ಯ ರಸ ಶಾಂತ ಎಂದ. ಹದಿನೆಂಟು ದಿನಗಳ ರಕ್ತಪಾತವಿರುವ ಕಾವ್ಯಕ್ಕೆ ವೀರವಲ್ಲ, ರೌದ್ರವಲ್ಲ, ಶಾಂತ! ಕೃಷ್ಣನ ಕುಲದ ವೃಷ್ಣಿಗಳೂ ಪಾಂಡವರೂ ಹೇಗೆ ಮುಗಿದರೆಂಬುದು ಹಿಂದಿನ ಅಷ್ಟೂ ಪರ್ವಗಳ ಅರ್ಥವನ್ನು ನಿರ್ಧರಿಸಿತು. ನೀನು ಕೊನೆಯ ಪುಟ ಬದಲಾಯಿಸಿದರೆ ಮೊದಲ ಪುಟವೂ ಬದಲಾಗುತ್ತದೆ, ಮಗಳೇ. ಅದಕ್ಕೇ ‘ಕೊನೆಯೊಂದನ್ನು ಸುಖವಾಗಿ ತಿದ್ದಲೇ’ ಎಂಬ ನಿನ್ನ ಮಾತು ನನಗೆ ಕಳವಳ ತಂದದ್ದು.

ಹಾಗಾದರೆ ಏನನ್ನೂ ಮುಗಿಸದೆ ತೆರೆದಿಟ್ಟುಬಿಡುತ್ತೇನೆ, ಓದುಗರೇ ಊಹಿಸಿಕೊಳ್ಳಲಿ ಎಂದು ನಿನ್ನ ವಯಸ್ಸಿನವರಿಗೆ ಅನ್ನಿಸುವುದು ಸಹಜ. ‘ಸಂಸ್ಕಾರ’ ಹಾಗೇ ಮುಗಿಯುವುದಿಲ್ಲವೇ ಎನ್ನುತ್ತಾರೆ. ಅನಂತಮೂರ್ತಿಯವರು 1965ರಲ್ಲಿ ಮಾಡಿದ್ದನ್ನು ಹತ್ತಿರದಿಂದ ನೋಡು. ಕಾದಂಬರಿ ಶುರುವಾಗುವುದು ನಾರಣಪ್ಪನ ಹೆಣಕ್ಕೆ ಯಾರು ಸಂಸ್ಕಾರ ಮಾಡಬೇಕು ಎಂಬಲ್ಲಿಂದ. ಆ ಹೆಣವನ್ನು ಅವರು ತೆರೆದಿಡಲಿಲ್ಲ. ಅಗ್ರಹಾರದವರು ಇನ್ನೂ ತೀರ್ಮಾನಕ್ಕೆ ಬಾರದಿರುವಾಗಲೇ ನಾರಣಪ್ಪನ ಜತೆ ಬಾಳಿದ ಚಂದ್ರಿ ಒಬ್ಬ ಸಾಬರ ನೆರವಿನಿಂದ ರಾತ್ರೋರಾತ್ರಿ ಅದನ್ನು ಸುಡಿಸಿಬಿಡುತ್ತಾಳೆ. ಆ ಬಾಗಿಲು ಭದ್ರವಾಗಿ ಮುಚ್ಚಿತು. ತೆರೆದು ಉಳಿದದ್ದು ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರ ಒಳಗಿನದು. ಊರಿಗೆ ಮರಳುವ ಗಾಡಿಯಲ್ಲಿ ಕೂತ ಆ ಮನುಷ್ಯ ಮುಂದೇನು ಹೇಳುತ್ತಾನೋ ನಮಗೆ ತಿಳಿಯದು, ಅವನಿಗೂ ತಿಳಿಯದು. ಆದರೆ ಅವನು ಮರಳಲು ಹೊರಟಿದ್ದಾನೆ. ನಿರ್ಧಾರ ಆಗಿದೆ, ಫಲ ಉಳಿದಿದೆ. ಪಾತ್ರ ನಿರ್ಧಾರವನ್ನೇ ಮಾಡದಿರುವಾಗ ಕಥೆಗಾರ ಎದ್ದುಹೋದರೆ ಅದನ್ನು ತೆರೆದ ಕೊನೆ ಎನ್ನಲು ನನಗೆ ಬಾಯಿ ಬಾರದು.

ಓದುಗರ ತಕರಾರಿಗೆ ಕಿವಿಗೊಡಬೇಡ ಎಂದು ನಾನು ಹೇಳುತ್ತಿಲ್ಲ. ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಕಾರ್ನಾಡರು ‘ನಾಗಮಂಡಲ’ ಕಟ್ಟಿದರಲ್ಲ, ಅದರಲ್ಲಿ ಕಥೆಯೇ ಹೆಣ್ಣಾಗಿ ಬಂದು ತನ್ನನ್ನು ಹೇಳಿಕೊಳ್ಳುತ್ತದೆ. ನಾಯಕಿ ರಾಣಿಗೆ ಗಂಡ ದಕ್ಕಿದ, ಮಗು ಬಂತು, ಊರು ದೇವಿಯೆಂದು ಕೈಮುಗಿಯಿತು, ಸುಖವಾಗಿದ್ದರು ಎಂದು ಮುಗಿಸಹೋದರೆ ಕೇಳುತ್ತಿದ್ದವರು ಒಪ್ಪುವುದಿಲ್ಲ. ಗಂಡನ ರೂಪದಲ್ಲಿ ರಾತ್ರಿ ಬರುತ್ತಿದ್ದ ನಾಗ ಗಂಡನಲ್ಲವೆಂದು ಅವಳಿಗೆ ತಿಳಿಯದೇ ಹೋಯಿತೇ? ಆ ನಾಗನ ಗತಿ ಏನು? ಕಥೆ ಮತ್ತೆ ಮುಂದುವರಿಯಬೇಕಾಗುತ್ತದೆ. ನಾಗ ಅವಳ ಕೂದಲಲ್ಲೇ ಸಾಯುವ ಕೊನೆಯೊಂದು, ಅವಳ ಮುಡಿಯಲ್ಲೇ ಬದುಕಿ ಉಳಿಯುವ ಕೊನೆ ಇನ್ನೊಂದು. ಕೇಳುಗರು ಅಲ್ಲಿ ಸುಖ ಕೇಳಲಿಲ್ಲ, ಉತ್ತರ ಕೇಳಿದರು. ನಿನ್ನ ಕಥೆ ಓದಿದವರೂ ಅದನ್ನೇ ಕೇಳುತ್ತಿದ್ದಾರೆ. ‘ಅಣ್ಣ ಯಾಕೆ ಸತ್ತ’ ಎಂದು ಅವರು ಗೊಣಗಿದರೆ, ‘ತಮ್ಮ ನೀರು ಬಿಡುತ್ತಿದ್ದನೋ ಇಲ್ಲವೋ, ನಮಗೆ ಹೇಳದೆ ಹೋದೆ’ ಎಂದು ಅರ್ಥ ಮಾಡಿಕೋ.

ಕೆಲವು ತಕರಾರುಗಳನ್ನು ಮಾತ್ರ ಹೊತ್ತುಕೊಂಡೇ ನಡೆಯಬೇಕಾಗುತ್ತದೆ. 1944ರ ‘ಶೂದ್ರ ತಪಸ್ವಿ’ಯಲ್ಲಿ ಕುವೆಂಪು, ತಪಸ್ಸು ಮಾಡಿದ್ದಕ್ಕೆ ರಾಮನಿಂದ ಹತನಾದ ಶೂದ್ರ ಶಂಬೂಕನ ಕಥೆಯ ಕೊನೆಯನ್ನೇ ತಿರುಗಿಸಿದರು. ರಾಮನ ಅಸ್ತ್ರ ತಪಸ್ವಿಯನ್ನು ಕೊಲ್ಲದೆ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸುವುದು ಸರಿಯಲ್ಲ, ಹೊಸ ಭಾವಕ್ಕೆ ಹೊಸ ಕಥೆಯನ್ನೇ ಬರೆಯಬಹುದಲ್ಲ ಎಂದು ಮಾಸ್ತಿಯವರಂಥ ಹಿರಿಯರೇ ಆಕ್ಷೇಪಿಸಿದರು. ಕುವೆಂಪು ಕೊನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಕುವೆಂಪು ಪಕ್ಷ. ಹಳೆಯ ಕೊನೆ ನುಂಗಿಹಾಕಿದ್ದ ಪ್ರಶ್ನೆಯನ್ನು ಅವರ ಕೊನೆ ಬಾಯಿಬಿಟ್ಟು ಕೇಳಿತು.

ಇನ್ನು ಬರೆಯುವ ಕೆಲಸದ ಮಾತು. ಕಥೆ ಮುಗಿದ ಮೇಲೆ ಕೊನೆಯ ಪ್ಯಾರಾ ತೆಗೆದು ಓದಿ ನೋಡು; ಏನೂ ಕಳೆದುಹೋಗದಿದ್ದರೆ ಅದು ಬೇಡವಾಗಿತ್ತು. ಪಾತ್ರದ ಬಾಯಿಂದ ಬುದ್ಧಿಮಾತು ಆಡಿಸಿದ್ದರೆ ಹೊಡೆದುಹಾಕು. ಕೊನೆ ಹೊಳೆಯದೇ ಇದ್ದಾಗ ಕೊನೆಯ ಪುಟದಲ್ಲಿ ಹುಡುಕಬೇಡ, ನಡುವಿನ ಪುಟಗಳಲ್ಲಿ ಹುಡುಕು. ಅಲ್ಲಿ ನೀನು ಕರೆತಂದು ಮರೆತುಬಿಟ್ಟ ಯಾರೋ ಇರುತ್ತಾರೆ. ಮೂರನೆಯ ಪುಟದಲ್ಲಿ ತಮ್ಮನ ಮಗಳು ಕೊಡ ಹಿಡಿದು ಬೇಲಿ ದಾಟಿ ದೊಡ್ಡಪ್ಪನ ಮನೆಗೆ ಹೋಗುತ್ತಾಳೆ, ಆಮೇಲೆ ಎಲ್ಲೂ ಕಾಣುವುದಿಲ್ಲ. ಅವಳು ಯಾಕೆ ಹೋಗಿದ್ದಳು ಎಂದು ನಿನಗೆ ಗೊತ್ತಿದೆಯೇ?

ದೀಪಾವಳಿ ವಿಶೇಷಾಂಕಕ್ಕೆ ಕಳಿಸುವ ಆತುರವಿದ್ದರೆ ನಿನ್ನ ಬೇರೆ ಯಾವುದಾದರೂ ಕಥೆ ಕಳಿಸು. ಈ ಕಥೆ ಇನ್ನೊಂದು ಮಳೆಗಾಲ ನಿನ್ನ ಬಳಿಯೇ ಇರಲಿ.