ಬಿತ್ತುವ ಬೀಜವೂ ಕಾಂತಕ್ಷೇತ್ರವೂ

ಕಿತ್ತೂರಿಗೆ ಸಮೀಪದ ದೇಗಾಂವವು ಕದಂಬರ ಕಾಲದ ಕಮಲನಾರಾಯಣ ದೇವಾಲಯದಿಂದ ಪ್ರಸಿದ್ಧವಾದ ಊರು. ಮುಂಗಾರಿನಲ್ಲಿ ಆ ಕಡೆಗೆ ಹೋದವರಿಗೆ ಸೋಯಾಬೀನಿನ ಹೊಲಗಳು ಕಾಣುತ್ತವೆ. ಹಿಂಗಾರಿನಲ್ಲಿ ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯಲ್ಲಿ ಕಡಲೆ ಬೆಳೆಯುತ್ತದೆ. ಈ ಎರಡು ಬೀಜಗಳನ್ನೇ ಮುಂದಿಟ್ಟುಕೊಂಡು ಭೌತವಿಜ್ಞಾನದ ಒಂದು ಪ್ರಶ್ನೆಯನ್ನು ವಿಚಾರಿಸೋಣ. ಬಿತ್ತುವ ಮುನ್ನ ಬೀಜವನ್ನು ಪ್ರಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಕೆಲಹೊತ್ತು ಇರಿಸಿದರೆ ಅದರ ಮೊಳಕೆಯೂ ಬೆಳವಣಿಗೆಯೂ ಉತ್ತಮಗೊಳ್ಳುವುವೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಸೋಯಾಬೀನಿನ ಬೀಜ ಬಹು ಸುಕುಮಾರವಾದುದು. ಅದರ ಸಿಪ್ಪೆ ತೆಳುವು. ಒಕ್ಕುವಾಗ ಪೆಟ್ಟು ಬಿದ್ದರೆ, ಬೇಸಗೆಯ ಬಿಸಿಯಲ್ಲಿ ಚೀಲದೊಳಗೆ ಉಳಿದರೆ, ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ಪ್ರಮಾಣಿತ ಬೀಜದಲ್ಲಿ ಕಡಲೆಯಾದರೆ ನೂರಕ್ಕೆ 85 ಮೊಳೆಯಬೇಕೆಂದು ನಿಯಮವಿದ್ದರೆ, ಸೋಯಾಬೀನಿಗೆ 70 ಸಾಕೆಂದು ಒಪ್ಪಿಕೊಳ್ಳಲಾಗಿದೆ. ಬೀಜ ಮೊಳೆಯದಿದ್ದರೆ ರೈತನು ಎರಡನೆಯ ಸಲ ಬಿತ್ತಬೇಕು. ಬೀಜದ ಹಣವನ್ನು ಸಾಲ ಮಾಡಿಯಾದರೂ ತರಬಹುದು. ಕಳೆದುಹೋದ ಹದವನ್ನು ಎಲ್ಲಿಂದ ತರುವುದು?

2008ರಲ್ಲಿ ದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯ ವಿಜ್ಞಾನಿಗಳು ಕಡಲೆಯ ಮೇಲೆ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಒಣ ಬೀಜವನ್ನು 250 ಮಿಲಿಟೆಸ್ಲಾವರೆಗಿನ ಸ್ಥಿರ ಕ್ಷೇತ್ರಗಳಲ್ಲಿ 1ರಿಂದ 4 ಗಂಟೆಗಳ ಕಾಲ ಇರಿಸಿದಾಗ ಮೊಳಕೆಯ ಪ್ರಮಾಣವೂ ವೇಗವೂ ಹೆಚ್ಚಿದುವು, ಸಸಿಗಳೂ ಪುಷ್ಟವಾಗಿದ್ದುವು. 2011ರಲ್ಲಿ ಸೋಯಾಬೀನಿನ ಮೇಲೂ ಇಂಥದೇ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ 150 ಮತ್ತು 200 ಮಿಲಿಟೆಸ್ಲಾ ಕ್ಷೇತ್ರಗಳು, 60 ನಿಮಿಷಗಳ ಅವಧಿಯಲ್ಲಿ, ಅತ್ಯುತ್ತಮ ಫಲ ಕೊಟ್ಟುವು. ಇಲ್ಲಿ ಒಂದಂಶವನ್ನು ಗಮನಿಸಬೇಕು: ಕ್ಷೇತ್ರವನ್ನೋ ಕಾಲವನ್ನೋ ಹೆಚ್ಚಿಸಿದಷ್ಟೂ ಫಲವೂ ಹೆಚ್ಚುತ್ತದೆಂಬ ನಿಯಮವಿಲ್ಲ. ಔಷಧಿಗೆ ಇರುವಂತೆ ಇದಕ್ಕೂ ಒಂದು ಮಾತ್ರೆಯುಂಟು. "ಅಯಸ್ಕಾಂತ ಬೆಳೆಗೆ ಒಳ್ಳೆಯದು" ಎಂದಷ್ಟೇ ಹೇಳಿ ಕ್ಷೇತ್ರದ ಬಲವನ್ನು ಹೇಳದವರ ಮಾತಿಗೆ ನಾನಂತೂ ಬೆಲೆ ಕೊಡಲಾರೆ.

ಈ ಬಲಗಳು ಎಷ್ಟು ದೊಡ್ಡವು? ನಮ್ಮ ಪ್ರದೇಶದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. 150 ಮಿಲಿಟೆಸ್ಲಾ ಎಂದರೆ ಅದರ ಸುಮಾರು 3,700 ಪಟ್ಟು. ಆದರೂ ಭೌತವಿಜ್ಞಾನಿಯ ಸಂದೇಹ ಇಷ್ಟರಿಂದ ತೀರುವುದಿಲ್ಲ. ಜೀವಕೋಶದ ಅಣುಗಳು ಉಷ್ಣದಿಂದಾಗಿ ಸದಾ ಕುಣಿಯುತ್ತಿರುತ್ತವೆ. ಈ ಚಲನೆಯ ಶಕ್ತಿಯ ಮಾನವು ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ನಿರಪೇಕ್ಷ ಉಷ್ಣತೆಗಳ ಗುಣಲಬ್ಧ. ಒಂದು ಎಲೆಕ್ಟ್ರಾನಿನ ಕಾಂತ ಶಕ್ತಿಯನ್ನು ಭೂಮಿಯ ಕ್ಷೇತ್ರದಲ್ಲಿ ಗಣಿಸಿದರೆ ಅದು ಈ ಉಷ್ಣಶಕ್ತಿಯ ಕೋಟಿಯಲ್ಲೊಂದು ಪಾಲಿಗೂ ಕಡಮೆ. 150 ಮಿಲಿಟೆಸ್ಲಾದಲ್ಲಿಯೂ ಅದು ಮೂರು ಸಾವಿರದಲ್ಲೊಂದು ಪಾಲು ಮಾತ್ರ. ಜಾತ್ರೆಯ ಗದ್ದಲದಲ್ಲಿ ಕಿವಿಮಾತು ಹೇಳಿದಂತೆ! ಹಾಗಾದರೆ ಜೀವಿಗೆ ಆ ಮಾತು ಕೇಳಿಸುವ ಬಗೆ ಯಾವುದು?

ಒಂದು ಬಗೆಯನ್ನು 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಜೌಗುನೆಲದ ಕೆಸರಿನಲ್ಲಿ ಕಂಡರು. ಅಲ್ಲಿನ ಕೆಲವು ಬ್ಯಾಕ್ಟೀರಿಯಗಳು ಭೂಮಿಯ ಬಲರೇಖೆಗಳನ್ನನುಸರಿಸಿ ಈಜುತ್ತಿದ್ದುವು. ಅವುಗಳ ಒಡಲಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಹರಳುಗಳು ಮಣಿಸರದಂತೆ ಸಾಲಾಗಿರುತ್ತವೆ. ಹರಳುಗಳೊಳಗಿನ ಅಸಂಖ್ಯ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ನಿಂತಿರುವುದರಿಂದ ಸರದ ಒಟ್ಟು ಕಾಂತ ಶಕ್ತಿ ಉಷ್ಣಶಕ್ತಿಯ ಹತ್ತರಷ್ಟಾದರೂ ಆಗುತ್ತದೆ. ಈ ಬ್ಯಾಕ್ಟೀರಿಯವು ಸತ್ತ ಮೇಲೂ ಕ್ಷೇತ್ರದ ಕಡೆಗೆ ತಿರುಗಿ ನಿಲ್ಲುತ್ತದೆ. ಅದು ದಿಕ್ಸೂಚಿಯ ಮುಳ್ಳಲ್ಲದೆ ಬೇರೆಯಲ್ಲ.

ಎರಡನೆಯ ಬಗೆ ಅತಿ ಪ್ರಬಲ ಕ್ಷೇತ್ರಗಳದು. ಬೆಳವಣಿಗೆಯ ದೃಷ್ಟಿಯಿಂದ ಇದೇ ಅತ್ಯಂತ ಸ್ವಾರಸ್ಯಕರ. ಕಪ್ಪೆಯ ಮೊಟ್ಟೆ ಮೊದಲೆರಡು ಸಲ ಲಂಬವಾಗಿಯೂ ಮೂರನೆಯ ಸಲ ಅಡ್ಡಲಾಗಿಯೂ ಸೀಳುತ್ತದೆ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೊಟ್ಟೆಗಳನ್ನು ಹಲವು ಟೆಸ್ಲಾಗಳ ಲಂಬ ಕ್ಷೇತ್ರದಲ್ಲಿ ಇರಿಸಲಾಯಿತು. ಆಗ ಮೂರನೆಯ ಸೀಳೂ ಲಂಬವಾಯಿತು! ಕೋಶವು ವಿಭಜಿಸುವಾಗ ಅದರೊಳಗೆ ಕದಿರಿನ ಆಕಾರದಲ್ಲಿ ಸೂಕ್ಷ್ಮನಾಳಗಳು ಹೆಣೆದುಕೊಳ್ಳುತ್ತವೆ. ಸೀಳಿನ ದಿಕ್ಕನ್ನು ನಿರ್ಧರಿಸುವುದು ಆ ಕದಿರು. ಪ್ರತಿಯೊಂದು ನಾಳದ ಮೇಲಿನ ಬಲ ಅತ್ಯಲ್ಪವಾದರೂ ನಾಳಗಳು ಉದ್ದವಾಗಿವೆ. ಕ್ಷೇತ್ರವೂ ಭೂಮಿಯದರ ಲಕ್ಷಾಂತರ ಪಟ್ಟು. ಆದುದರಿಂದ ಕದಿರೇ ತಿರುಗಿರಬೇಕೆಂದು ಆ ವಿಜ್ಞಾನಿಗಳು ಊಹಿಸಿದರು.

ಮೂರನೆಯ ಬಗೆ ಸೂಕ್ಷ್ಮವಾದುದು. ಬೆಳಕು ಬಿದ್ದಾಗ ಕೆಲವು ಅಣುಗಳಲ್ಲಿ ಒಂಟಿ ಎಲೆಕ್ಟ್ರಾನುಗಳ ಜೋಡಿಯೊಂದು ಹುಟ್ಟುತ್ತದೆ. ಆ ಎಲೆಕ್ಟ್ರಾನುಗಳ ಗಿರಕಿಯ ಸ್ಥಿತಿಯನ್ನು ಉಷ್ಣವು ಕದಡುವುದಕ್ಕೆ ಮೊದಲೇ ರಾಸಾಯನಿಕ ಕ್ರಿಯೆ ಮುಗಿದುಹೋದರೆ, ದುರ್ಬಲ ಕ್ಷೇತ್ರವೂ ಅದರ ಫಲಿತವನ್ನು ಬದಲಿಸಬಲ್ಲುದು. ಕ್ಲೌಸ್ ಶುಲ್ಟನ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ಸೂಚಿಸಿದರು. ವಲಸೆ ಹೋಗುವ ರಾಬಿನ್ ಹಕ್ಕಿಯ ಕಣ್ಣಿನ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನು ಕಾಂತಕ್ಷೇತ್ರಕ್ಕೆ ಸ್ಪಂದಿಸುವುದೆಂದು 2021ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಲಾಯಿತು. ನೀಲಿ ಬೆಳಕಿನಲ್ಲಿ ಗಿಡಗಳ ಬೆಳವಣಿಗೆಯನ್ನು ನಿಯಂತ್ರಿಸುವುದೂ ಇದೇ ಕುಟುಂಬದ ಪ್ರೋಟೀನು. ಹಾಗಾದರೆ ಗಿಡದ ರಹಸ್ಯವೂ ಬಯಲಾಯಿತೆನ್ನಬಹುದೆ? ಅವಸರ ಬೇಡ. ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇಂಥ ಪರಿಣಾಮವನ್ನು ಕಂಡೆವೆಂದು 2007ರಲ್ಲಿ ವರದಿಯಾಯಿತು. 2009ರಲ್ಲಿ ಬೇರೊಂದು ತಂಡ ಅದೇ ಪ್ರಯೋಗವನ್ನು ಎಚ್ಚರದಿಂದ ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲೇ ಇಲ್ಲ. ಅದಲ್ಲದೆ ನಮ್ಮ ಬೀಜಗಳಿಗೆ ಕ್ಷೇತ್ರ ಸೋಕಿದ್ದು ಅವು ಒಣಗಿದ್ದಾಗ. ಬೆಳಕಿನ ಈ ವಿವರಣೆ ಅವುಗಳಿಗೆ ಸುಲಭವಾಗಿ ಹೊಂದುವುದಿಲ್ಲ.

ಬೀಜದ ವಿಷಯದಲ್ಲಿ ದೊರೆತ ಒಂದು ಸುಳಿವು ಮಾತ್ರ ಭೌತವಿಜ್ಞಾನದ ವಿದ್ಯಾರ್ಥಿಗೆ ಕೈಗೆಟುಕುವಂಥದು. ಸಂಸ್ಕರಿಸಿದ ಕಡಲೆಯನ್ನು ನೆನೆಸಿದ ನೀರಿನ ವಿದ್ಯುದ್ವಾಹಕತೆ, ಸಂಸ್ಕರಿಸದುದನ್ನು ನೆನೆಸಿದ ನೀರಿನದಕ್ಕಿಂತ ಕಡಮೆಯಾಗಿತ್ತು. ಎಂದರೆ ಬೀಜದಿಂದ ಹೊರಗೆ ಸೋರಿದ ಲವಣಗಳು ಕಡಮೆ. ಕೋಶದ ಪೊರೆಗಳು ಹೆಚ್ಚು ಭದ್ರ. ಆದರೆ ಒಣ ಬೀಜದ ಪೊರೆಯನ್ನು ಕ್ಷೇತ್ರವು ಹೇಗೆ ಭದ್ರಪಡಿಸುತ್ತದೆಂಬ ವಿಷಯದಲ್ಲಿ ಒಮ್ಮತ ಮೂಡಿಲ್ಲ.

ಈ ಪ್ರಯೋಗವನ್ನು ಕಾಲೇಜಿನಲ್ಲಿ ನೀವೇ ಮಾಡಬಹುದು. ವಿದ್ಯುತ್ಕಾಂತದ ಧ್ರುವಗಳ ನಡುವಿನ ಕ್ಷೇತ್ರವನ್ನು ಗೌಸ್‌ಮಾಪಕದಿಂದ ಅಳೆಯಿರಿ. 150 ಮಿಲಿಟೆಸ್ಲಾ ಎಂದರೆ 1,500 ಗೌಸ್. ಒಂದೇ ಚೀಲದ ಸೋಯಾಬೀನನ್ನು ಎರಡು ಪಾಲು ಮಾಡಿ, ಒಂದನ್ನು ಒಂದು ಗಂಟೆ ಕ್ಷೇತ್ರದಲ್ಲಿ ಇಡಿರಿ. ಇನ್ನೊಂದನ್ನೂ ಅದೇ ಧ್ರುವಗಳ ನಡುವೆ, ವಿದ್ಯುತ್ತನ್ನು ನಿಲ್ಲಿಸಿ, ಅಷ್ಟೇ ಹೊತ್ತು ಇಡಿರಿ. ಸುರುಳಿ ಬಿಸಿಯಾಗಿದ್ದರೆ ಅದು ಪೂರ್ತಿ ತಣಿಯುವವರೆಗೆ ಕಾಯಬೇಕು. ಬಿಸಿಯ ಪರಿಣಾಮವನ್ನು ಕಾಂತದ ಪರಿಣಾಮವೆಂದು ಭ್ರಮಿಸುವುದು ಸುಲಭ. ಯಾವ ಪಾಲು ಯಾವುದೆಂದು ಮೊಳಕೆ ಎಣಿಸುವವನಿಗೆ ತಿಳಿಯಕೂಡದು. ಒದ್ದೆ ಕಾಗದದಲ್ಲಿ ಸುತ್ತಿಟ್ಟು ಎಂಟನೆಯ ದಿನ ಎಣಿಸಿರಿ.

ಎಷ್ಟು ಬೀಜ ಬೇಕು? ನೂರರಲ್ಲಿ 70 ಮೊಳೆಯುವ ಬೀಜವಾದರೆ, ನೂರು ಬೀಜಗಳ ಎರಡು ಪಾಲುಗಳ ನಡುವೆ ಬರಿಯ ಆಕಸ್ಮಿಕದಿಂದಲೇ ಆರೇಳು ಬೀಜಗಳ ವ್ಯತ್ಯಾಸ ಬರುವುದು ಸಹಜ. 70 ಇದ್ದದ್ದು 76 ಆಯಿತೆಂದು ಹಿಗ್ಗಬೇಕಾಗಿಲ್ಲ. ಪ್ರತಿ ಪಾಲಿಗೂ 400 ಬೀಜಗಳನ್ನು ತೆಗೆದುಕೊಂಡರೆ ಆ ವ್ಯತ್ಯಾಸ ನೂರಕ್ಕೆ ಸುಮಾರು ಮೂರಕ್ಕೆ ಇಳಿಯುತ್ತದೆ. ಆಗ ಏಳೆಂಟರ ಏರಿಕೆ ಕಂಡುಬಂದರೆ ಬೇರೊಂದು ಚೀಲದ ಬೀಜದಿಂದ ಪ್ರಯೋಗವನ್ನು ಮೊದಲಿನಿಂದ ಮತ್ತೆ ಮಾಡಬೇಕು. ಈ ಸಲ ನೆನೆಸಿದ ನೀರಿನ ವಾಹಕತೆಯನ್ನೂ ಅಳೆದು ಬರೆದಿಡಿರಿ.