ಕರಿಹಲಗೆಯ ಮೂಲೆಯ ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಕರಿಹಲಗೆಯ ಎಡಮೂಲೆಯ ನೆನಪು ಇದ್ದೇ ಇರುವದು. ಪ್ರತಿದಿನ ಬೆಳಿಗ್ಗೆ ಅಲ್ಲಿ ಒಂದು ಮಾತಿನ ಹುಟ್ಟನ್ನೋ, ಚರಿತ್ರೆಯ ಒಂದು ಸಂಗತಿಯನ್ನೋ, ಲೋಕಜ್ಞಾನದ ಒಂದು ವಿಷಯವನ್ನೋ ಎರಡು ಮೂರು ಸಾಲುಗಳಲ್ಲಿ ಬರೆಯುವ ವಾಡಿಕೆಯುಂಟು. "ಪರೀಕ್ಷೆಯಲ್ಲಿ ಕೇಳದ ಇಂಥ ಚಿಲ್ಲರೆ ಸಂಗತಿಗಳಿಗೆ ದಿನವೂ ಐದು ನಿಮಿಷ ವ್ಯಯಿಸುವದು ಯುಕ್ತವೇ?" ಎಂದು ಪೋಷಕರಲ್ಲೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದಕಾರಣ ಇಲ್ಲಿ ಉತ್ತರ ಕೊಡಲು ಯತ್ನಿಸುತ್ತೇವೆ.

ಒಂದು ದಿನ "ಹದಿನಾರಾಣೆ ನಿಜ" ಎಂಬ ಮಾತನ್ನು ಬರೆದೆವು. ಮನೆಯಲ್ಲಿ ಅಜ್ಜಿಯ ಬಾಯಿಂದ ಅದನ್ನು ಕೇಳದ ಹುಡುಗಿ ಇರಲಿಲ್ಲ. ಹದಿನಾರೇ ಏಕೆಂದು ಬಲ್ಲವಳೂ ಇರಲಿಲ್ಲ. ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. 1957ನೆಯ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆಯ ಲೆಕ್ಕ ಜಾರಿಗೆ ಬಂತು. ಆಣೆ ಹೋಯಿತು, ಮಾತು ಉಳಿಯಿತು. ಪೂರ್ಣ ರೂಪಾಯಿಯಂತೆ ಏನೂ ಕೊರತೆಯಿಲ್ಲದ ಸತ್ಯವೆಂಬುದೇ ಅದರ ಅರ್ಥ. ಹೀಗೆ ಒಂದೇ ಮಾತಿನಲ್ಲಿ ಭಾಷೆ, ಚರಿತ್ರೆ, ಗಣಿತ ಮೂರೂ ದೊರೆತವು.

ಜುಲೈ 1ರಂದು ಬರೆಯುವ ಸಂಗತಿ ಪ್ರತಿ ವರುಷವೂ ಒಂದೇ. 1843ರಲ್ಲಿ ಅದೇ ದಿನ ಹೆರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲನೆಯ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದನ್ನು ಓದಿದ ದಿನ ಮಕ್ಕಳು ಮನೆಗೆ ಬರುವ ಪತ್ರಿಕೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಆದರೆ ನಮಗೆ ಈ ಮೂಲೆಯ ಬೆಲೆ ತಿಳಿದದ್ದು ನಾವೇ ತಪ್ಪಿದ ದಿನ. ಹಸಿಮೆಣಸು ನಮ್ಮ ದೇಶದಲ್ಲಿ ಅನಾದಿಕಾಲದಿಂದ ಬೆಳೆಯುತ್ತಿದೆ ಎಂದು ಯಾರಿಂದಲೋ ಕೇಳಿದ್ದನ್ನು ವಿಚಾರಿಸದೆ ಬರೆದುಬಿಟ್ಟೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಮ್ಮನವರೇ, ಹಾಗಾದರೆ ಒಳ್ಳೆಮೆಣಸಿಗೆ ಆ 'ಒಳ್ಳೆ' ಏಕೆ ಬಂತು? ತುಳುವಿನಲ್ಲಿಯೂ 'ಎಡ್ಡೆ ಮುಂಚಿ' ಎನ್ನುತ್ತೇವಲ್ಲ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. "ನಾಳೆ ಹೇಳುತ್ತೇವೆ" ಎಂದೆವು.

ಆ ಸಂಜೆ ಪುಸ್ತಕಗಳನ್ನು ತೆರೆದು ನೋಡಲಾಗಿ ನಮ್ಮ ಬರಹ ಪೂರ್ತಿ ತಪ್ಪೆಂದು ತಿಳಿಯಿತು. ಮೆಣಸೆಂಬ ಹೆಸರು ಮೊದಲಿಗೆ ಪಶ್ಚಿಮ ಘಟ್ಟದ ಬಳ್ಳಿಯಲ್ಲಿ ಬಿಡುವ ಕರಿಯ ಕಾಳಿನದು. ಇಂದು ನಾವು ಅರೆಯುವ ಕೆಂಪು ಮೆಣಸು ಅಮೆರಿಕ ಖಂಡದ ಗಿಡ. 1492ರಲ್ಲಿ ಕೊಲಂಬಸನು ಆ ಕಡೆಯ ದ್ವೀಪಗಳನ್ನು ತಲುಪುವ ತನಕ ನಮ್ಮ ದೇಶದವರಿಗೆ ಅದರ ರುಚಿ ಗೊತ್ತಿರಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. ಮುಂದಿನ ಶತಮಾನದಲ್ಲಿ ಪೋರ್ತುಗೀಜರು ಆ ಗಿಡವನ್ನು ನಮ್ಮ ಕರಾವಳಿಗೆ ತಂದರು. ಖಾರದಲ್ಲಿ ಹೋಲಿದ್ದರಿಂದ ಹೊಸದಕ್ಕೆ ಹಳೆಯದರ ಹೆಸರೇ ಅಂಟಿತು. ಬಂದ ಅತಿಥಿಯು ಹೆಸರನ್ನೇ ತೆಗೆದುಕೊಂಡದ್ದರಿಂದ, ಮನೆಯ ಯಜಮಾನನು 'ಒಳ್ಳೆ', 'ಕಾಳು', 'ಕರಿ' ಎಂಬ ವಿಶೇಷಣವನ್ನು ತೊಟ್ಟುಕೊಳ್ಳಬೇಕಾಯಿತು!

ಮರುದಿನ ಎಲ್ಲರೆದುರಿಗೆ ನಮ್ಮ ಕೈಯಿಂದಲೇ ಆ ತಪ್ಪನ್ನು ಅಳಿಸಿ ಸರಿಯಾದದ್ದನ್ನು ಬರೆದೆವು. ನಾಚಿಕೆಯಾಗಲಿಲ್ಲವೆಂದು ಹೇಳಲಾರೆವು. ಆದರೆ ಆ ಹುಡುಗಿ ಕೇಳದೆ ಇದ್ದಿದ್ದರೆ, ತರಗತಿಯ ಮಕ್ಕಳೆಲ್ಲರೂ ಗುರುಗಳ ಮಾತೆಂದು ನಂಬಿ ಆ ಸುಳ್ಳನ್ನು ತಮ್ಮ ಮಕ್ಕಳಿಗೂ ಹೇಳುತ್ತಿದ್ದರು. ಸಣ್ಣ ಸಂಗತಿ ಬೇಗನೆ ಬಾಯಿಗೆ ಬರುತ್ತದೆ. ಸಣ್ಣ ಸುಳ್ಳೂ ಹಾಗೆಯೇ. ಅಂದಿನಿಂದ ಮೂಲೆಯಲ್ಲಿ ಬರೆದ ಪ್ರತಿ ಸಂಗತಿಯ ಕೆಳಗೆ "ಹೇಗೆ ತಿಳಿಯಿತು?" ಎಂಬ ಪ್ರಶ್ನೆಯೂ ಇರುತ್ತದೆ. ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟಾಗಲಿ, ಬೇರೆ ಗ್ರಂಥವಾಗಲಿ, ತೆರೆದು ನೋಡಿದವಳೇ ಉತ್ತರ ಹೇಳತಕ್ಕದ್ದು.

ಪೋಷಕರಲ್ಲಿ ನಮ್ಮ ಬಿನ್ನಹ ಇಷ್ಟೇ: ರಾತ್ರಿಯ ಊಟದ ಹೊತ್ತಿಗೆ "ಇಂದು ಮೂಲೆಯಲ್ಲಿ ಏನಿತ್ತು?" ಎಂದು ಮಗಳನ್ನು ಕೇಳಿರಿ, ಅವಳು ತಿರುಗಿ ಪ್ರಶ್ನಿಸಿದರೆ ಗದರಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಅಡುಗೆಮನೆ, ಹಿತ್ತಿಲು, ಹಿರಿಯರ ಬಾಯಿ ಇವುಗಳಿಂದ ಒಂದೊಂದು ಮಾತನ್ನು ಆರಿಸಿ ನಮಗೆ ಬರೆದು ಕಳುಹಿಸಿರಿ. ಕರಿಹಲಗೆಯ ಮೂಲೆ ಚಿಕ್ಕದಾದರೂ ಅದರಲ್ಲಿ ನಿಮ್ಮೆಲ್ಲರಿಗೂ ಸ್ಥಳವುಂಟು.